‘ಯಾರಿಗೂ ಹೇಳಬೇಡಿ’ ಎಂದ ಕರೆ: ಒಂದು ಡಿಜಿಟಲ್ ಅರೆಸ್ಟ್ ಪ್ರಕರಣ, ಮೊದಲಿಂದ ಕೊನೆವರೆಗೆ

ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ, ‘ನಿಮ್ಮನ್ನು ಬಂಧಿಸಿದ್ದೇವೆ’ ಅಂತ ಹೆದರಿಸಿ ಹಣ ಕೀಳುವ ಮೋಸಕ್ಕೆ ಡಿಜಿಟಲ್ ಅರೆಸ್ಟ್ ಅನ್ನುತ್ತಾರೆ. ಇದು ನನ್ನ ದೊಡ್ಡಮ್ಮನಿಗೆ ಆದದ್ದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಬ್ಯಾಂಕು ಯಾವುದು ಅಂತ ಹೇಳುವುದಿಲ್ಲ, ಉಳಿದದ್ದನ್ನೆಲ್ಲ ಹೇಳುತ್ತೇನೆ. ಅವರಿಗೆ 68 ವರ್ಷ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ದೊಡ್ಡಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ. ಮಗಳು, ಅಂದರೆ ನನ್ನ ಅಕ್ಕ, ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಒಂದು ಸೋಮವಾರ ಬೆಳಿಗ್ಗೆ ಶುರುವಾದದ್ದು ಬುಧವಾರ ಮಧ್ಯಾಹ್ನ ಮುಗಿಯಿತು. ಅಷ್ಟರಲ್ಲಿ 3 ಲಕ್ಷದ 85 ಸಾವಿರ ರೂಪಾಯಿ ಹೋಗಿತ್ತು, ಇನ್ನೂ 9 ಲಕ್ಷ ಹೋಗುವುದರಲ್ಲಿತ್ತು. ದೂರು ಬರೆಯುವಾಗ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಫೋನಿನ ಕಾಲ್ ಲಿಸ್ಟು, ವಾಟ್ಸಾಪ್ ಮೆಸೇಜು, ಪಾಸ್‌ಬುಕ್ಕು ಮುಂದಿಟ್ಟುಕೊಂಡು ಒಂದೊಂದೇ ಕೇಳಿ ಬರೆದುಕೊಂಡದ್ದು ಇಲ್ಲಿದೆ.

ಮೊದಲ ಕರೆ ಬಂದಾಗ ಅದರಲ್ಲಿ ಮನುಷ್ಯರೇ ಇರಲಿಲ್ಲ. ರೆಕಾರ್ಡ್ ಮಾಡಿದ ಹೆಣ್ಣು ದನಿ. ‘ಟ್ರಾಯ್‌ನಿಂದ ಕರೆ ಮಾಡುತ್ತಿದ್ದೇವೆ, ಇನ್ನು ಎರಡು ಗಂಟೆಯಲ್ಲಿ ನಿಮ್ಮ ಹೆಸರಿನ ಎಲ್ಲ ಮೊಬೈಲ್ ನಂಬರ್‌ಗಳು ಬಂದ್ ಆಗುತ್ತವೆ, ಹೆಚ್ಚಿನ ಮಾಹಿತಿಗೆ 9 ಒತ್ತಿ.’ ದೊಡ್ಡಮ್ಮ ಒತ್ತಿದರು. ಪಿಂಚಣಿಯ ಮೆಸೇಜಿನಿಂದ ಗ್ಯಾಸ್ ಬುಕಿಂಗ್‌ವರೆಗೆ ಎಲ್ಲ ಅದೇ ನಂಬರಿಗೆ ಬರುವಾಗ ಯಾರಾದರೂ ಒತ್ತುತ್ತಾರೆ. ಟ್ರಾಯ್ ಅನ್ನುವುದು ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡುವ ಸಂಸ್ಥೆ. ಅದು ಯಾರ ಸಿಮ್ಮನ್ನೂ ಬಂದ್ ಮಾಡುವುದಿಲ್ಲ, ಗ್ರಾಹಕರಿಗೆ ಹೀಗೆ ಕರೆ ಮಾಡುವುದೂ ಇಲ್ಲ. ಇದನ್ನು ಆ ಸಂಸ್ಥೆಯೇ ಎಷ್ಟೋ ಸಲ ಹೇಳಿದೆ. ಆದರೆ ಒಲೆ ಮೇಲೆ ಹಾಲಿಟ್ಟುಕೊಂಡು ನಿಂತವರಿಗೆ ಅದೆಲ್ಲ ಆ ಕ್ಷಣಕ್ಕೆ ನೆನಪಾಗಬೇಕಲ್ಲ.

9 ಒತ್ತಿದ ಮೇಲೆ ಒಬ್ಬ ಹುಡುಗ ಮಾತಿಗೆ ಬಂದ. ಮೊದಲು ಹಿಂದಿ, ಆಮೇಲೆ ಸ್ವಲ್ಪ ಇಂಗ್ಲಿಷು, ಇವರು ತಡವರಿಸಿದ್ದನ್ನು ನೋಡಿ ಕನ್ನಡ. ಇವರ ಪೂರ್ತಿ ಹೆಸರು ಹೇಳಿದ, ಮನೆ ವಿಳಾಸ ಹೇಳಿದ, ಆಧಾರ್‌ನ ಕೊನೆಯ ನಾಲ್ಕು ಅಂಕಿಯನ್ನೂ ಹೇಳಿದ. ಎಲ್ಲ ಸರಿಯಾಗಿತ್ತು. ‘ಅಷ್ಟು ಕರೆಕ್ಟಾಗಿ ಹೇಳಿದ ಮೇಲೆ ಸರ್ಕಾರದವರಲ್ಲದೆ ಇನ್ಯಾರು ಅಂದುಕೊಂಡೆ’ ಅಂತ ದೊಡ್ಡಮ್ಮ ಆಮೇಲೂ ಹೇಳುತ್ತಿದ್ದರು. ಇದು ಅವರೊಬ್ಬರ ಅನಿಸಿಕೆ ಅಲ್ಲ, ತುಂಬಾ ಜನ ಇಲ್ಲೇ ಜಾರುವುದು. ನಮ್ಮ ಆಧಾರ್ ಜೆರಾಕ್ಸ್ ಎಲ್ಲೆಲ್ಲಿ ಬಿದ್ದಿದೆ ಅಂತ ನಮಗೇ ಗೊತ್ತಿಲ್ಲ. ಲಾಡ್ಜಿನಲ್ಲಿ ಕೊಟ್ಟಿರುತ್ತೇವೆ, ಸಿಮ್ ಅಂಗಡಿಯಲ್ಲಿ ಕೊಟ್ಟಿರುತ್ತೇವೆ, ಯಾವುದೋ ಸಾಲದ ಆ್ಯಪ್‌ನಲ್ಲಿ ಫೋಟೋ ಹಾಕಿರುತ್ತೇವೆ. ಆ ಮಾಹಿತಿ ಸೋರಿ, ಮಾರಾಟ ಆಗಿ, ಕೊನೆಗೆ ಇಂಥವರ ಕೈಗೆ ಬರುತ್ತದೆ. ನಮ್ಮ ವಿವರ ಗೊತ್ತಿದೆ ಅನ್ನುವುದರಿಂದ ಅವರು ಯಾರು ಅನ್ನುವುದು ಒಂದಿಷ್ಟೂ ತಿಳಿಯುವುದಿಲ್ಲ.

ಹುಡುಗ ಹೇಳಿದ್ದು ಇಷ್ಟು: ಇವರ ಆಧಾರ್ ಬಳಸಿ ಮುಂಬೈಯಲ್ಲಿ ಒಂದು ಸಿಮ್ ತೆಗೆದಿದ್ದಾರೆ, ಆ ನಂಬರಿನಿಂದ ಜನರಿಗೆ ಅಶ್ಲೀಲ ಮೆಸೇಜು ಹೋಗಿದೆ, ಎಫ್‌ಐಆರ್ ಆಗಿದೆ. ದೊಡ್ಡಮ್ಮ ‘ನಾನು ಮುಂಬೈ ನೋಡೇ ಇಲ್ಲಪ್ಪ’ ಅಂದರು. ಅವನಿಗೆ ಬೇಕಾಗಿದ್ದದ್ದೇ ಆ ಮಾತು. ‘ನೀವು ಮಾಡಿಲ್ಲ ಅಂತ ನನಗೂ ಅನ್ನಿಸುತ್ತೆ ಮೇಡಂ. ಆದರೆ ಪೊಲೀಸರಿಂದ ಕ್ಲಿಯರೆನ್ಸ್ ಬೇಕು. ನೀವು ಮುಂಬೈಗೆ ಹೋಗೋದು ಕಷ್ಟ ಅಲ್ವಾ, ನಾನು ಇಲ್ಲಿಂದಲೇ ಲೈನ್ ಕೊಡಿಸ್ತೀನಿ.’ ಲೈನ್ ಕೊಡಿಸಿದ. ಕಷ್ಟ ತಂದಿಟ್ಟವನೇ ಸಹಾಯಕ್ಕೂ ನಿಂತ. ಮೂರು ದಿನ ನಡೆದದ್ದೆಲ್ಲ ಇದೇ ಅಚ್ಚಿನಲ್ಲಿ: ಒಬ್ಬ ಹೆದರಿಸುವುದು, ಇನ್ನೊಬ್ಬ ಸಮಾಧಾನ ಮಾಡುವುದು.

ಇಲ್ಲಿ ಒಂದು ಮಾತು. ‘ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದಿದ್ದಾರೆ’ ಅನ್ನುವುದು ನಿಜವೋ ಸುಳ್ಳೋ ಅಂತ ನಾವೇ ನೋಡಿಕೊಳ್ಳಬಹುದು. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಅನ್ನುವ ವೆಬ್‌ಸೈಟು, ಆ್ಯಪ್ ಎರಡೂ ಇವೆ. ಅಲ್ಲಿ ನಮ್ಮ ನಂಬರ್ ಹಾಕಿ ಒಳಗೆ ಹೋದರೆ ನಮ್ಮ ಹೆಸರಿನಲ್ಲಿ ಯಾವ ಯಾವ ಮೊಬೈಲ್ ಕನೆಕ್ಷನ್ ಇದೆ ಅಂತ ಕಾಣುತ್ತದೆ, ನಮ್ಮದಲ್ಲದ್ದು ಇದ್ದರೆ ಅಲ್ಲೇ ದೂರು ಕೊಡಬಹುದು. ಆಮೇಲೆ ನಾವು ನೋಡಿದಾಗ ದೊಡ್ಡಮ್ಮನ ಹೆಸರಿನಲ್ಲಿ ಅವರ ಕೈಯಲ್ಲಿದ್ದ ಒಂದೇ ನಂಬರ್ ಇತ್ತು.

ವಾಟ್ಸಾಪ್‌ಗೆ ವಿಡಿಯೋ ಕಾಲ್ ಬಂತು. ಪ್ರೊಫೈಲ್ ಫೋಟೋ ಜಾಗದಲ್ಲಿ ಪೊಲೀಸ್ ಲಾಂಛನ. ಎತ್ತಿದರೆ ಖಾಕಿ ಬಟ್ಟೆ, ಹಿಂದೆ ಗೋಡೆ ಮೇಲೆ ಗಾಂಧೀಜಿ ಫೋಟೋ, ತ್ರಿವರ್ಣ ಧ್ವಜ, ಎಲ್ಲೋ ವೈರ್‌ಲೆಸ್ ಸೆಟ್ ಕರಕರ ಅನ್ನುವ ಸದ್ದು. ಅವನು ‘ಸಬ್ ಇನ್‌ಸ್ಪೆಕ್ಟರ್’. ಮೊದಲ ಅರ್ಧ ಗಂಟೆ ಸುಮ್ನೆ ಹೇಳಿಕೆ ಬರೆದುಕೊಂಡಂತೆ ಮಾಡಿದ. ಮನೆಯಲ್ಲಿ ಯಾರ್ಯಾರಿದ್ದಾರೆ, ಮಗಳು ಎಲ್ಲಿ ಕೆಲಸ ಮಾಡುತ್ತಾಳೆ, ಅಳಿಯ ಏನು ಮಾಡುತ್ತಾರೆ, ಯಾವ ಬ್ಯಾಂಕಿನಲ್ಲಿ ಖಾತೆ, ಠೇವಣಿ ಎಷ್ಟು. ಆಮೇಲೆ ವೈರ್‌ಲೆಸ್‌ನಲ್ಲಿ ಯಾರಿಗೋ ಇವರ ಆಧಾರ್ ನಂಬರ್ ಓದಿ ಹೇಳಿದ. ಆ ಕಡೆಯಿಂದ ಉತ್ತರ ಬಂದದ್ದು ಇವರಿಗೂ ಕೇಳಿಸುವ ಹಾಗೆ: ಈ ಹೆಸರು ಒಂದು ದೊಡ್ಡ ಮನಿ ಲಾಂಡರಿಂಗ್ ಕೇಸಿನಲ್ಲಿದೆ, ವಾರಂಟ್ ರೆಡಿ ಇದೆ. ಅವನು ಗಾಬರಿಯಾದವನಂತೆ ಮುಖ ಮಾಡಿ ‘ಮೇಡಂ, ನನಗೆ ಗೊತ್ತೇ ಇರಲಿಲ್ಲ, ಇದು ಸಿಬಿಐ ಮ್ಯಾಟರ್’ ಅಂದ. ಸ್ವಲ್ಪ ಹೊತ್ತಿಗೆ ಇವರ ಹೆಸರಿದ್ದ ಒಂದು ಪತ್ರ ವಾಟ್ಸಾಪ್‌ಗೆ ಬಂತು. ಅಶೋಕ ಸ್ತಂಭ, ಸೀಲು, ಸಹಿ, ಕೆಂಪಕ್ಷರದಲ್ಲಿ ಅರೆಸ್ಟ್ ವಾರಂಟ್. ಆ ಪತ್ರ ಈಗ ನಿಧಾನಕ್ಕೆ ನೋಡಿದರೆ ಒಂದೇ ಪುಟದಲ್ಲಿ ಸಿಬಿಐ, ಇ.ಡಿ. (ಜಾರಿ ನಿರ್ದೇಶನಾಲಯ), ಸುಪ್ರೀಂ ಕೋರ್ಟ್, ರಿಸರ್ವ್ ಬ್ಯಾಂಕ್ ನಾಲ್ಕರ ಸೀಲೂ ಇವೆ. ಯಾವ ಕಚೇರಿಯಿಂದಲೂ ಅಂಥ ಪತ್ರ ಹೊರಡುವುದಿಲ್ಲ. ಆದರೆ ಕೈ ನಡುಗುತ್ತಿರುವಾಗ ಅದನ್ನು ಯಾರೂ ಓದುವುದಿಲ್ಲ, ತಮ್ಮ ಹೆಸರು ಎಲ್ಲಿದೆ ಅಂತ ಮಾತ್ರ ನೋಡುತ್ತಾರೆ.

ಇದಾದ ಮೇಲೆ ಬಂತು ಷರತ್ತು. ನನ್ನ ಪ್ರಕಾರ ಈ ಇಡೀ ಪ್ರಕರಣದ ಜೀವ ಇಲ್ಲೇ ಇದೆ. ‘ಇದು ದೇಶದ ಭದ್ರತೆಯ ವಿಷಯ. ಯಾರಿಗೂ ಹೇಳಬೇಡಿ. ಮಗಳಿಗೂ ಹೇಳಬೇಡಿ, ಹೇಳಿದರೆ ಅವರನ್ನೂ ಆರೋಪಿ ಮಾಡಬೇಕಾಗುತ್ತೆ, ಅವರ ಕೆಲಸ ಹೋಗುತ್ತೆ. ಫೋನ್ ಕಟ್ ಮಾಡಬೇಡಿ, ಕ್ಯಾಮೆರಾ ಆಫ್ ಮಾಡಬೇಡಿ. ಮಾಡಿದರೆ ಅರ್ಧ ಗಂಟೆಯಲ್ಲಿ ಲೋಕಲ್ ಪೊಲೀಸರು ಬಂದು ಬೀದಿ ಜನರೆದುರಿಗೆ ಕರೆದುಕೊಂಡು ಹೋಗ್ತಾರೆ. ನೀವು ಈಗ ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ.’

ಆ ರಾತ್ರಿ ದೊಡ್ಡಮ್ಮ ಫೋನನ್ನು ಚಾರ್ಜರಿಗೆ ಸಿಕ್ಕಿಸಿ, ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು, ಅದರ ಎದುರಿಗೇ ನಿಂತು ಅನ್ನ ಮಾಡಿದರು. ಊಟ ಇಳಿಯಲಿಲ್ಲ. ಮಲಗುವಾಗ ಫೋನು ತಲೆದಿಂಬಿನ ಪಕ್ಕ, ಕ್ಯಾಮೆರಾ ಆನ್, ಕೋಣೆಯ ಲೈಟೂ ಆನ್. ಬಚ್ಚಲಿಗೆ ಹೋಗಬೇಕಾದರೆ ಹೇಳಿ ಹೋಗಬೇಕು, ಬಂದು ಮತ್ತೆ ಮುಖ ತೋರಿಸಬೇಕು. ಆ ಕಡೆ ಜನ ಬದಲಾಗುತ್ತಿದ್ದರು, ರಾತ್ರಿ ಪಾಳಿಗೆ ಒಬ್ಬ, ಬೆಳಿಗ್ಗೆಗೆ ಇನ್ನೊಬ್ಬ. ಇವರು ಮಾತ್ರ ಒಬ್ಬರೇ. ಸ್ವಲ್ಪ ಕಣ್ಣು ಹತ್ತಿದರೆ ‘ಮೇಡಂ, ಇದ್ದೀರಾ?’ ಅಂತ ಕೂಗು. ಮಗಳು ರಾತ್ರಿ ಫೋನ್ ಮಾಡಿದಾಗ ಏನು ಹೇಳಬೇಕು ಅಂತ ಆ ಕಡೆಯವರೇ ಹೇಳಿಕೊಟ್ಟಿದ್ದರು: ತಲೆನೋವು, ಮಾತ್ರೆ ತಗೊಂಡಿದ್ದೀನಿ, ನಾಳೆ ಮಾತಾಡೋಣ. ಮಾರನೇ ದಿನ ಬೆಳಿಗ್ಗೆ ಪಕ್ಕದ ಮನೆಯವರು ಕಿಟಕಿ ಹತ್ತಿರ ಬಂದು ‘ಟೀಚರ್, ಬಾಗಿಲೇ ತೆಗೆದಿಲ್ಲವಲ್ಲ, ಹುಷಾರಿದ್ದೀರಾ?’ ಅಂತ ಕೇಳಿದರು. ‘ಇದ್ದೀನಮ್ಮ, ಸ್ವಲ್ಪ ನೆಗಡಿ’ ಅಂದರು ಇವರು. ಮೂರು ಅಡಿ ದೂರದಲ್ಲಿ ಸಹಾಯ ನಿಂತಿತ್ತು. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು.

ಈ ಕಥೆ ಕೇಳಿದ ಸಂಬಂಧಿಕರಲ್ಲಿ ಅರ್ಧ ಜನ ‘ಅಷ್ಟು ಓದಿದವರು ಹೇಗೆ ನಂಬಿದರು?’ ಅಂದರು. ಆ ಪ್ರಶ್ನೆಯೇ ತಪ್ಪು ಅಂತ ನನಗನ್ನಿಸುತ್ತದೆ. ಓದಿಗೂ ಇದಕ್ಕೂ ಸಂಬಂಧ ಇಲ್ಲ. 2024ರಲ್ಲಿ ಜವಳಿ ಉದ್ಯಮದ ವರ್ಧಮಾನ್ ಸಮೂಹದ ಅಧ್ಯಕ್ಷ ಎಸ್.ಪಿ. ಓಸ್ವಾಲ್ ಅವರಿಗೆ ಇದೇ ರೀತಿ ಮಾಡಿ 7 ಕೋಟಿ ರೂಪಾಯಿ ಕಿತ್ತರು. ವಿಡಿಯೋ ಕಾಲ್‌ನಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆ ನಡೆದ ಹಾಗೇ ನಾಟಕ ಆಡಿದ್ದರು. ಬೆಂಗಳೂರಿನಲ್ಲಿ ಒಬ್ಬ ಮಹಿಳೆಯಿಂದ ತಿಂಗಳುಗಟ್ಟಲೆ ಹೆದರಿಸಿ ಸುಮಾರು 32 ಕೋಟಿ ಕಿತ್ತದ್ದು 2025ರ ನವೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂತು. ಇವರೆಲ್ಲ ವ್ಯವಹಾರ ತಿಳಿಯದವರಾ? ನಿದ್ದೆ ಇಲ್ಲದೆ, ಯಾರ ಜೊತೆಗೂ ಮಾತಿಲ್ಲದೆ, ಇಡೀ ದಿನ ಒಂದೇ ದನಿ ಕೇಳಿಕೊಂಡು ಕೂತರೆ ಯಾರ ಬುದ್ಧಿಯಾದರೂ ಅಷ್ಟೇ. ಅದರ ಮೇಲೆ ಮರ್ಯಾದೆಯ ಭಯ. ಜೀವಮಾನವಿಡೀ ಒಂದು ರೂಪಾಯಿ ಸಾಲ ಇಟ್ಟುಕೊಳ್ಳದವರಿಗೆ, ಬೀದಿಯಲ್ಲಿ ಪೊಲೀಸ್ ಜೀಪು ನಿಲ್ಲುತ್ತದೆ ಅನ್ನುವುದೇ ಸಾವಿಗಿಂತ ದೊಡ್ಡದು. ಕಾನೂನಿಗೆ ಹೆದರಿ ಬದುಕಿದವರೇ ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ, ನನಗೆ ಜಾಸ್ತಿ ಸಂಕಟ ಆಗುವುದು ಅದಕ್ಕೇ.

ಈಗ ಕಾನೂನು ಏನು ಹೇಳುತ್ತದೆ ನೋಡಿ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಪ್ರಧಾನಿ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಇದನ್ನೇ ಹೇಳಿದ್ದರು. 2024ರ ಜುಲೈ 1ರಿಂದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ ಪ್ರಕಾರ ಬಂಧಿಸುವ ಪೊಲೀಸರ ಹೆಸರು ಎದುರಿಗಿರುವವರಿಗೆ ಕಾಣುವಂತಿರಬೇಕು, ಬಂಧನದ ಮೆಮೊ ಬರೆದು ಸಾಕ್ಷಿ ಸಹಿ ಹಾಕಿಸಬೇಕು, ಯಾಕೆ ಬಂಧಿಸುತ್ತಿದ್ದೇವೆ ಅಂತ ಹೇಳಬೇಕು. ಸಂವಿಧಾನದ 22ನೇ ವಿಧಿಯಂತೆ ವಕೀಲರನ್ನು ಕಾಣುವ ಹಕ್ಕು ಇದೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಿಚಾರಣೆಗೆ ಬನ್ನಿ ಅಂತ ಪೊಲೀಸರು ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಬ್ಬರನ್ನು ಬಂಧಿಸಿದರೆ ಆ ವಿಷಯವನ್ನು ಅವರ ಮನೆಯವರಿಗೋ ಸ್ನೇಹಿತರಿಗೋ ತಿಳಿಸುವುದು ಪೊಲೀಸರ ಕರ್ತವ್ಯ.

ಮನೆಯವರಿಗೆ ಹೇಳಲೇಬೇಕು ಅನ್ನುತ್ತದೆ ಕಾನೂನು. ಮನೆಯವರಿಗೆ ಹೇಳಲೇಬೇಡಿ ಅನ್ನುತ್ತಾನೆ ಕಳ್ಳ. ನಂಬರ್ ನಕಲಿ ಮಾಡಬಹುದು, ಯೂನಿಫಾರ್ಮು ಬಾಡಿಗೆಗೆ ಸಿಗುತ್ತದೆ, ಸೀಲು ಕಂಪ್ಯೂಟರ್‌ನಲ್ಲಿ ಆಗುತ್ತದೆ, ಈಗಂತೂ ದನಿ, ಮುಖವನ್ನೂ ನಕಲು ಮಾಡುತ್ತಾರೆ. ಇದನ್ನೆಲ್ಲ ಪರೀಕ್ಷೆ ಮಾಡುತ್ತಾ ಕೂತರೆ ಅವರದೇ ಆಟದಲ್ಲಿ ಅವರ ಜೊತೆ ಆಡಿದ ಹಾಗೆ. ‘ಯಾರಿಗೂ ಹೇಳಬೇಡಿ’ ಅನ್ನುವುದನ್ನು ಮಾತ್ರ ಅವರು ಬಿಡಲು ಆಗುವುದಿಲ್ಲ. ಎರಡನೆಯವರ ಕಿವಿಗೆ ಬಿದ್ದ ಕೂಡಲೇ ಅವರ ಕೆಲಸ ಕೆಟ್ಟಿತು. ಹಾಗಾಗಿ ಅಪರಿಚಿತ ಕರೆಯಲ್ಲಿ ಈ ಮಾತು ಯಾವ ರೂಪದಲ್ಲೇ ಬರಲಿ, ಗುಪ್ತ ತನಿಖೆ ಅನ್ನಲಿ, ಸರ್ಪ್ರೈಸ್ ಬಹುಮಾನ ಅನ್ನಲಿ, ‘ಅಮ್ಮಂಗೆ ಹೇಳ್ಬೇಡಿ, ನಾನು ಆಕ್ಸಿಡೆಂಟ್ ಮಾಡ್ಕೊಂಡಿದ್ದೀನಿ’ ಅಂತ ಅಳುವ ದನಿ ಬರಲಿ, ಅಲ್ಲಿಗೆ ತೀರ್ಮಾನ ಮಾಡಿಬಿಡಬಹುದು. ಇನ್ನೇನೂ ಪರೀಕ್ಷಿಸಬೇಕಾಗಿಲ್ಲ.

ಹಣದ ವಿಷಯಕ್ಕೆ ಬರೋಣ. ಮಂಗಳವಾರ ಬೆಳಿಗ್ಗೆ ‘ಸಿಬಿಐ ಅಧಿಕಾರಿ’ ಅನ್ನುವವನು ಬಂದ. ಅವನು ಕೂಗಾಡಲಿಲ್ಲ. ತುಂಬಾ ಮೆತ್ತಗೆ, ‘ಅಮ್ಮಾ’ ಅಂತಲೇ ಮಾತು. ‘ನಿಮ್ಮ ಹಣ ಕಳ್ಳ ಹಣ ಅಲ್ಲ ಅಂತ ತೋರಿಸಿದರೆ ಸಾಕಮ್ಮ. ರಿಸರ್ವ್ ಬ್ಯಾಂಕಿನ ಖಾತೆಗೆ ಹಾಕಿ, ನೋಟು ನೋಟು ಪರಿಶೀಲನೆ ಆಗುತ್ತೆ, 48 ಗಂಟೆಯಲ್ಲಿ ವಾಪಸ್ ನಿಮ್ಮ ಖಾತೆಗೇ ಬರುತ್ತೆ. ನಾನೇ ಕ್ಲೀನ್ ಚಿಟ್ ಬರೆಸಿ ಕೊಡ್ತೀನಿ.’ ರಿಸರ್ವ್ ಬ್ಯಾಂಕು ಜನಸಾಮಾನ್ಯರ ಖಾತೆ ಇಟ್ಟುಕೊಳ್ಳುವುದಿಲ್ಲ, ಪರಿಶೀಲನೆಗೆ ಅಂತ ಹಣ ತರಿಸಿಕೊಳ್ಳುವ ತನಿಖಾ ಸಂಸ್ಥೆಯೂ ಇಲ್ಲ. ಒಂದು ಖಾತೆಯ ಮೇಲೆ ಅನುಮಾನ ಇದ್ದರೆ ತನಿಖೆಯವರು ಬ್ಯಾಂಕಿಗೇ ಬರೆದು ಆ ಖಾತೆಯನ್ನು ತಡೆಹಿಡಿಸುತ್ತಾರೆ. ಹಣ ಇದ್ದಲ್ಲೇ ಇರುತ್ತದೆ.

ಬ್ಯಾಂಕಿಗೆ ಹೋಗುವಾಗಲೂ ಫೋನ್ ಕಟ್ ಮಾಡಬಾರದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಫೋನನ್ನು ಚೀಲದಲ್ಲಿಡಬೇಕು, ಯಾರಾದರೂ ಕೇಳಿದರೆ ಮಗಳಿಗೆ ಸೈಟ್ ತೆಗೆದುಕೊಳ್ಳೋಕೆ ಅನ್ನಬೇಕು. ದೊಡ್ಡ ಮೊತ್ತವನ್ನು ಇನ್ನೊಂದು ಬ್ಯಾಂಕಿನ ಖಾತೆಗೆ ಕಳಿಸುವ ಆರ್‌ಟಿಜಿಎಸ್ ಸ್ಲಿಪ್ಪನ್ನು ದೊಡ್ಡಮ್ಮ ತಾವೇ ಬರೆದರು. ಹಣ ಪಡೆಯುವವರ ಹೆಸರಿನ ಜಾಗದಲ್ಲಿ ಅವರು ಬರೆದದ್ದು ರಿಸರ್ವ್ ಬ್ಯಾಂಕ್ ಅಂತ ಅಲ್ಲ, ಯಾವುದೋ ಎಂಟರ್‌ಪ್ರೈಸಸ್ ಅಂತ. ಬ್ಯಾಂಕಿನ ಶಾಖೆಯೂ ಬೇರೆ ರಾಜ್ಯದ್ದು. ‘ಇದೇನು ಅಂಗಡಿ ಹೆಸರು’ ಅಂತ ಅವರು ಮೆಲ್ಲಗೆ ಕೇಳಿದಾಗ ಕಿವಿಯಲ್ಲಿ ಉತ್ತರ ಬಂತು: ‘ಗುಪ್ತ ಖಾತೆಗೆ ಸರ್ಕಾರದ ಹೆಸರು ಇಡೋದಿಲ್ಲಮ್ಮ.’ ಆ ಸ್ಲಿಪ್ಪಿನ ಗ್ರಾಹಕರ ಪ್ರತಿ ಈಗಲೂ ಇದೆ. ಗಣಿತದ ಟೀಚರ ಅಕ್ಷರ ಯಾವಾಗಲೂ ಮುತ್ತಿನ ಹಾಗೆ ಇರುತ್ತದೆ, ಅದರಲ್ಲಿ ಮಾತ್ರ ಖಾತೆ ನಂಬರಿನ ಅಂಕಿಗಳು ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿವೆ. ಕೌಂಟರಿನಲ್ಲಿ ರಷ್ಷಿತ್ತು, ಯಾರೂ ಏನೂ ಕೇಳಲಿಲ್ಲ. 3 ಲಕ್ಷದ 85 ಸಾವಿರ ಹೋಯಿತು.

2025ರ ಏಪ್ರಿಲ್‌ನಿಂದ ಆರ್‌ಟಿಜಿಎಸ್, ನೆಫ್ಟ್ ಮಾಡುವ ಮೊದಲು ಆ ಖಾತೆ ನಿಜವಾಗಿ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಹೇಳಿದೆ. ಶಾಖೆಗೆ ಹೋದವರೂ ಇದನ್ನು ಕೇಳಬಹುದು. ದೊಡ್ಡ ಮೊತ್ತ ಕಳಿಸುವಾಗ ‘ಹೆಸರು ನೋಡಿ ಹೇಳಿ’ ಅಂತ ಕೇಳುವ ಅಭ್ಯಾಸ ಎಲ್ಲರಿಗೂ ಬರಬೇಕು.

ಹಣ ಹೋದ ಮೇಲೆ ಅವರು ಬಿಟ್ಟುಬಿಡಲಿಲ್ಲ. ‘ಮೊದಲ ಕಂತು ಕ್ಲಿಯರ್ ಆಗಿದೆ, ಠೇವಣಿಯದ್ದೂ ಆಗಬೇಕು’ ಅಂದರು. ಇನ್ನೊಂದು ರಾತ್ರಿ ಅದೇ ಲೈಟು, ಅದೇ ಕ್ಯಾಮೆರಾ. ಬುಧವಾರ ದೊಡ್ಡಮ್ಮ 9 ಲಕ್ಷದ ಎಫ್‌ಡಿ ಮುರಿಸಲು ಮತ್ತೆ ಅದೇ ಬ್ಯಾಂಕಿಗೆ ಹೋದರು. ಈ ಸಲ ಕೂತಿದ್ದವರು ಬೇರೆ, ಚಿಕ್ಕ ವಯಸ್ಸಿನ ಅಧಿಕಾರಿ. ಅವಧಿಗೆ ಮುಂಚೆ ಎಫ್‌ಡಿ ಮುರಿಸಿ ಅದೇ ದಿನ ಪೂರ್ತಿ ಹಣ ಹೊರಗೆ ಕಳಿಸುತ್ತಿರುವುದು, ಹಿಂದಿನ ದಿನ ಗೊತ್ತಿಲ್ಲದ ಖಾತೆಗೆ ಹೋದ ಮೊತ್ತ, ಕಿವಿಯಲ್ಲಿ ಇಯರ್‌ಫೋನ್, ಊದಿದ ಕಣ್ಣು. ಆಕೆ ಇದನ್ನೆಲ್ಲ ಗಮನಿಸಿದರು. ಬಾಯಲ್ಲಿ ಏನೂ ಕೇಳಲಿಲ್ಲ. ಒಂದು ಚೀಟಿಯಲ್ಲಿ ಬರೆದು ಮುಂದಿಟ್ಟರು: ‘ಫೋನಿನಲ್ಲಿ ಯಾರಾದರೂ ಇದ್ದಾರಾ? ಇದ್ದರೆ ಸುಮ್ನೆ ತಲೆ ಆಡಿಸಿ.’ ದೊಡ್ಡಮ್ಮ ತಲೆ ಆಡಿಸಿದರು. ಆಕೆ ಎದ್ದು ಬಂದು ಚೀಲದಿಂದ ಫೋನ್ ತೆಗೆದು ಸ್ವಿಚ್ ಆಫ್ ಮಾಡಿ, ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿ ನೀರು ಕೊಟ್ಟು ಕೂರಿಸಿದರು. ‘ಅಮ್ಮಾ, ನಿಮ್ಮನ್ನ ಯಾರೂ ಅರೆಸ್ಟ್ ಮಾಡಿಲ್ಲ. ಮಗಳ ನಂಬರ್ ಹೇಳಿ’ ಅಂದರು.

ಆಕೆ ಮಾಡಿದ್ದು ದೊಡ್ಡ ತನಿಖೆ ಏನಲ್ಲ. ಆ ಕಡೆಯವನಿಗೆ ಕೇಳದ ಹಾಗೆ ಒಂದು ಪ್ರಶ್ನೆ ಕೇಳಿದರು, ಅಷ್ಟೇ. ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಚೀಟಿಯ ಉಪಾಯ ನೆನಪಿಟ್ಟುಕೊಳ್ಳಿ. ‘ಯಾಕೆ ಹಣ ತೆಗೀತಿದ್ದೀರಿ?’ ಅಂತ ಜೋರಾಗಿ ಕೇಳಿದರೆ ಕಲಿಸಿಕೊಟ್ಟ ಉತ್ತರವೇ ಬರುತ್ತದೆ.

ಅಕ್ಕ ಫೋನಿನಲ್ಲೇ 1930ಕ್ಕೆ ಕರೆ ಮಾಡಿಸಿದಳು. ಇದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಕೇಂದ್ರ ಗೃಹ ಇಲಾಖೆಯ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರದ ವ್ಯವಸ್ಥೆಗೆ ಸೇರಿದ್ದು. ಅಲ್ಲಿ ಕೇಳುವುದು ಹಣ ಹೋದ ಖಾತೆ, ಯಾವ ಖಾತೆಗೆ ಹೋಯಿತು, ಎಷ್ಟು, ಯಾವಾಗ, ಮತ್ತೆ ಯುಟಿಆರ್ ನಂಬರ್, ಅಂದರೆ ಆ ಹಣ ವರ್ಗಾವಣೆಗೆ ಬ್ಯಾಂಕು ಕೊಡುವ ಗುರುತಿನ ಸಂಖ್ಯೆ. ಆ ವಿವರ ಕೂಡಲೇ ಸಂಬಂಧಪಟ್ಟ ಬ್ಯಾಂಕುಗಳಿಗೆ ಹೋಗುತ್ತದೆ, ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ. ಕಳ್ಳರು ಹಣವನ್ನು ಒಂದು ಖಾತೆಯಲ್ಲಿ ಇಡುವುದಿಲ್ಲ. ಬಂದ ಕೂಡಲೇ ನಾಲ್ಕೈದು ಖಾತೆಗೆ ಹಂಚುತ್ತಾರೆ, ಅಲ್ಲಿಂದ ಇನ್ನಷ್ಟು ಖಾತೆಗೆ, ಆಮೇಲೆ ಎಟಿಎಮ್ಮಿನಿಂದ ನಗದು ಅಥವಾ ಕ್ರಿಪ್ಟೊ. ನಮ್ಮ ವಿಷಯದಲ್ಲಿ ದೂರು ಹೋಗುವ ಹೊತ್ತಿಗೆ ಒಂದು ಪೂರ್ತಿ ದಿನ ಕಳೆದಿತ್ತು. 3 ಲಕ್ಷದ 85 ಸಾವಿರದಲ್ಲಿ ತಡೆಹಿಡಿಯಲು ಸಿಕ್ಕಿದ್ದು 1 ಲಕ್ಷದ 10 ಸಾವಿರ. ಮಂಗಳವಾರವೇ ಒಂದು ಗಂಟೆಯೊಳಗೆ ಹೇಳಿದ್ದರೆ ಎಷ್ಟೋ ಜಾಸ್ತಿ ಉಳಿಯುತ್ತಿತ್ತು ಅಂತ ಠಾಣೆಯಲ್ಲಿ ಹೇಳಿದರು.

ಆಮೇಲೆ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆಯಲ್ಲಿ ಎಫ್‌ಐಆರ್. ಕಾಲ್ ಲಿಸ್ಟು, ಆ ನಕಲಿ ವಾರಂಟು, ಮೆಸೇಜುಗಳ ಸ್ಕ್ರೀನ್‌ಶಾಟು ಎಲ್ಲ ಕೊಟ್ಟೆವು. ಇಲ್ಲೊಂದು ಎಚ್ಚರ: ಸಿಟ್ಟಿನಲ್ಲಿ, ನಾಚಿಕೆಯಲ್ಲಿ ಚಾಟ್ ಡಿಲೀಟ್ ಮಾಡಬೇಡಿ, ತುಂಬಾ ಜನ ಮಾಡುತ್ತಾರೆ. ದೊಡ್ಡಮ್ಮನೂ ಬೆರಳು ಅಲ್ಲಿಗೇ ಇಟ್ಟಿದ್ದರು, ಬ್ಯಾಂಕಿನಾಕೆ ತಡೆದರು. ತಡೆಹಿಡಿದ ಹಣ ತಾನಾಗಿ ವಾಪಸ್ ಬರಲಿಲ್ಲ, ಕೋರ್ಟಿಗೆ ಅರ್ಜಿ ಹಾಕಿ ಆದೇಶ ಪಡೆಯಬೇಕಾಯಿತು. ತಿಂಗಳುಗಳು ಹಿಡಿಯಿತು, ಆದರೆ ಆ 1 ಲಕ್ಷದ 10 ಸಾವಿರ ಬಂತು. ಮೊದಲು ಹಣ ಹೋದ ಆ ಎಂಟರ್‌ಪ್ರೈಸಸ್ ಖಾತೆಯ ಮಾಲೀಕ ಸಿಕ್ಕಿದ. ಅವನು ಮುಖ್ಯ ಕಳ್ಳ ಅಲ್ಲ, ಕಮಿಷನ್ ಆಸೆಗೆ ಪಾಸ್‌ಬುಕ್ಕು, ಸಿಮ್ಮು ಎರಡನ್ನೂ ಯಾರಿಗೋ ಕೊಟ್ಟವನು. ‘ಖಾತೆ ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು’ ಅಂತ ಕಾಲೇಜು ಹುಡುಗರಿಗೆ ಬರುವ ಮೆಸೇಜು ಇದೇ. ಕೊಟ್ಟವರು ಆರೋಪಿಯೇ ಆಗುತ್ತಾರೆ. ಫೋನಿನ ಆ ಕಡೆ ಇದ್ದವರು ಮಾತ್ರ ಇನ್ನೂ ಸಿಕ್ಕಿಲ್ಲ. ಇಂಥ ಎಷ್ಟೋ ಕರೆಗಳು ಕಾಂಬೋಡಿಯಾ, ಮ್ಯಾನ್ಮಾರ್ ಕಡೆಯ ಕೇಂದ್ರಗಳಿಂದ ಬರುತ್ತವೆ, ಜಿಲ್ಲಾ ಠಾಣೆಯೊಂದು ಅಲ್ಲಿಗೆ ಕೈ ಚಾಚುವುದು ಸುಲಭ ಅಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಈ ವಿಷಯ ಕೈಗೆತ್ತಿಕೊಂಡಿತು. ಹರಿಯಾಣದ ಅಂಬಾಲಾದ ಹಿರಿಯ ದಂಪತಿಗೆ ಆ ಕೋರ್ಟಿನದೇ ನಕಲಿ ಆದೇಶ ತೋರಿಸಿ 1 ಕೋಟಿಗೂ ಜಾಸ್ತಿ ಕಿತ್ತಿದ್ದರು. ಡಿಸೆಂಬರ್‌ನಲ್ಲಿ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

ಮನೆಯೊಳಗೆ ಏನಾಯಿತು ಅನ್ನುವುದನ್ನೂ ಹೇಳಬೇಕು. ಅಕ್ಕ ಬಂದಿಳಿದವಳೇ ‘ನನಗೆ ಒಂದು ಫೋನ್ ಮಾಡೋಕೆ ಆಗ್ಲಿಲ್ವಾ ನಿನಗೆ?’ ಅಂತ ಕೂಗಾಡಿದಳು. ಅವಳ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ ದೊಡ್ಡಮ್ಮ ಆಮೇಲೆ ಬಾಯಿ ಬಿಡಲೇ ಇಲ್ಲ, ಏನು ಕೇಳಿದರೂ ‘ಗೊತ್ತಿಲ್ಲ, ನೆನಪಿಲ್ಲ’. ಅವರು ಇನ್ನೊಂದು ಹತ್ತು ಸಾವಿರವನ್ನು ಯುಪಿಐಯಲ್ಲಿ ‘ವಕೀಲರ ಫೀ’ ಅಂತ ಕೊಡಲು ಹೋಗಿ ಅದು ಫೇಲ್ ಆದದ್ದು, ಆ ಯುಪಿಐ ಐಡಿ ಇನ್ನೂ ಫೋನಿನಲ್ಲೇ ಇದ್ದದ್ದು ಗೊತ್ತಾದದ್ದು ಎರಡು ದಿನ ಆದ ಮೇಲೆ. ಪೊಲೀಸರಿಗೆ ಅದು ಬೇಕಾದ ಸುಳಿವಾಗಿತ್ತು. ಬೈದರೆ ಮೋಸ ಹೋದವರು ಇನ್ನಷ್ಟು ಮುಚ್ಚಿಡುತ್ತಾರೆ, ಮುಚ್ಚಿಟ್ಟಷ್ಟೂ ಹಣ ದೂರ ಹೋಗುತ್ತದೆ. ಮೊದಲು 1930, ಉಳಿದ ಮಾತೆಲ್ಲ ಆಮೇಲೆ.

ಹಿರಿಯರಿರುವ ಮನೆಯಲ್ಲಿ ಮೊದಲೇ ಒಂದು ಮಾತು ಆಗಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ‘ಮೋಸದ ಕರೆ ಬಂದರೆ ಹುಷಾರು’ ಅಂತ ಹೇಳುವುದರಿಂದ ಏನೂ ಪ್ರಯೋಜನ ಇಲ್ಲ, ಅದು ಮೋಸದ ಕರೆ ಅಂತ ಅವರಿಗೆ ಆಗ ಅನ್ನಿಸುವುದೇ ಇಲ್ಲ. ಹೇಳಬೇಕಾದದ್ದು ಬೇರೆ: ‘ನಿನ್ನ ಮೇಲೆ ಏನೇ ಕೇಸ್ ಬರಲಿ, ನನ್ನ ಕೆಲಸ ಹೋಗುತ್ತೆ ಅಂತಲೇ ಹೆದರಿಸಲಿ, ನನಗೆ ಹೇಳು, ಹೇಳಿದ್ದರಿಂದ ನನಗೇನೂ ಆಗಲ್ಲ.’ ದೊಡ್ಡಮ್ಮ ಬಾಯಿ ಮುಚ್ಚಿಕೊಂಡದ್ದು ತಮಗಾಗಿ ಅಲ್ಲ, ಮಗಳ ಕೆಲಸ ಉಳಿಸಲು.

ಅನುಮಾನದ ಕರೆ ಬಂದರೆ ವಾದ ಮಾಡದೆ ಕಟ್ ಮಾಡಿ. ನಿಜವಾಗಿ ಪೊಲೀಸರೋ ಬ್ಯಾಂಕಿನವರೋ ಅಂತ ನೋಡಬೇಕಿದ್ದರೆ ಅವರು ಕೊಟ್ಟ ನಂಬರಿಗಲ್ಲ, ಪಾಸ್‌ಬುಕ್ಕಿನ ಮೇಲಿರುವ ನಂಬರಿಗೆ ಅಥವಾ ಹತ್ತಿರದ ಠಾಣೆಗೆ ನೀವೇ ಕರೆ ಮಾಡಿ. ಕೆವೈಸಿ ಅಂತ ಓಟಿಪಿ ಕೇಳುವುದು, ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಿ ಅನ್ನುವುದು (ಹಣ ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ), ಮದುವೆ ಕಾರ್ಡು, ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್ (ಒತ್ತಿದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲು) ಕಳಿಸುವುದು, ಕೊರಿಯರ್ ಬಂದಿದೆ ಅಂತ *401* ಒತ್ತಿಸಿ ನಿಮ್ಮ ಕರೆಗಳನ್ನೇ ಅವರ ನಂಬರಿಗೆ ತಿರುಗಿಸಿಕೊಳ್ಳುವುದು, ಎಲ್ಲ ಇದೇ ಜಾತಿಯವು. ಯಾವುದಕ್ಕೂ ಆ ಕರೆಯಲ್ಲೇ ಉತ್ತರ ಕೊಡಬೇಕಾದ ಅಗತ್ಯ ಇಲ್ಲ.

ಕೊನೆಯದಾಗಿ ಒಂದು. ಹಣ ಕಳೆದುಕೊಂಡವರ ನಂಬರನ್ನು ಕಳ್ಳರು ಬಿಸಾಡುವುದಿಲ್ಲ. ಎಫ್‌ಐಆರ್ ಆಗಿ ಕೆಲವು ವಾರಕ್ಕೆ ದೊಡ್ಡಮ್ಮನಿಗೆ ಇನ್ನೊಂದು ಕರೆ ಬಂತು, ಈ ಸಲ ‘ಸೈಬರ್ ರಿಕವರಿ ಸೆಲ್’. ನಿಮ್ಮ ಹಣ ಸಿಕ್ಕಿದೆ, 18 ಸಾವಿರ ಪ್ರೊಸೆಸಿಂಗ್ ಫೀ ಕಟ್ಟಿದರೆ ಪೂರ್ತಿ ವಾಪಸ್. ಹೋದ ಮೊತ್ತ, ಹೋದ ತಾರೀಖು ಎಲ್ಲ ಸರಿಯಾಗಿ ಹೇಳಿದರು. ದೊಡ್ಡಮ್ಮ ‘ತಡೀರಿ, ಮಗಳನ್ನ ಲೈನಿಗೆ ತಗೋತೀನಿ’ ಅಂದರು. ಆ ಕಡೆಯಿಂದ ಕರೆ ಕಟ್ ಆಯಿತು. ಆ ನಂಬರನ್ನು ಸಂಚಾರ್ ಸಾಥಿಯ ಚಕ್ಷು ಅನ್ನುವ ಭಾಗದಲ್ಲಿ ದಾಖಲಿಸಿದೆವು. ಹಣ ಹೋಗದೇ ಇದ್ದರೂ ಇಂಥ ಕರೆ, ಮೆಸೇಜುಗಳ ಬಗ್ಗೆ ಅಲ್ಲಿ ವರದಿ ಮಾಡಬಹುದು. ನಂಬರ್, ಕರೆ ಬಂದ ಸಮಯ, ಒಂದು ಸ್ಕ್ರೀನ್‌ಶಾಟ್ ಇದ್ದರೆ ಐದು ನಿಮಿಷದ ಕೆಲಸ.